ಮೂವತ್ತೆಂಟನೇ ಸಾಲು

ಬೆಟ್ಟಮ್ಮನ ಬಲಗೈಯ ಹಿಂಬದಿಗೆ ಜ್ವರ ತಿಳಿಯುತ್ತಿತ್ತು. ಮಕ್ಕಳ ಹಣೆ ಮುಟ್ಟಿ ಹೇಳುವುದು ಎಲ್ಲ ತಾಯಂದಿರಿಗೂ ಬರುತ್ತದೆ. ಬೆಟ್ಟಮ್ಮ ಪೈರು ಮುಟ್ಟಿ ಹೇಳುತ್ತಿದ್ದಳು.

ಅವಳು ಹುಟ್ಟಿದ್ದು ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿ. ಅಪ್ಪನಿಗೆ ನಾಲೆಯ ಕೊನೆಯಲ್ಲಿ ಜಮೀನು. ಸರದಿಯ ನೀರು ಅಲ್ಲಿಗೆ ತಲುಪುವ ಹೊತ್ತಿಗೆ ಸಣ್ಣಗಾಗಿರುತ್ತಿತ್ತು. ಇರುವ ನೀರನ್ನು ಕಬ್ಬಿಗೆ ಬಿಡಬೇಕೋ ರಾಗಿಗೆ ಬಿಡಬೇಕೋ, ಯಾವ ತಾಕಿಗೆ ಮೊದಲು ಎಂದು ತಿಳಿಯಲು ಅಪ್ಪ ಮಟಮಟ ಮಧ್ಯಾಹ್ನ ಮಗಳನ್ನು ಅಟ್ಟುತ್ತಿದ್ದ. “ಓಗವ್ವ, ಯಾವ್ದು ಬಿಸಿ ಅದೆ ನೋಡ್ಕೊಂಡು ಬಾ.” ಹುಡುಗಿ ಕೈಯ ಹಿಂಬದಿಯನ್ನು ಎಲೆಗೆ ತಾಗಿಸುತ್ತ ನಡೆಯುತ್ತಿದ್ದಳು. ಬೇರಿಗೆ ನೀರು ಸಿಕ್ಕ ಗಿಡ ಎಂಥ ಬಿಸಿಲಲ್ಲೂ ಬೆವರುತ್ತದೆ, ತಣ್ಣಗಿರುತ್ತದೆ. ಸಿಗದ ಗಿಡ ಬೆವರುವುದನ್ನು ನಿಲ್ಲಿಸಿ ಒಳಗೊಳಗೇ ಕಾಯುತ್ತದೆ. ಇದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಕೈ ಕಲಿತುಕೊಂಡಿತು.

ಕೊಟ್ಟದ್ದು ಮಳವಳ್ಳಿಯಿಂದ ಆಚೆ, ಮಳೆಯನ್ನೇ ನಂಬಿದ ಬೆದ್ದಲು ಸೀಮೆಗೆ. ಗಂಡ ದೊಡ್ಡಸಿದ್ದಯ್ಯ ಬ್ಲಫ್ ಎಂದು ಕರೆಯುವ ಜಲಪಾತದ ವಿದ್ಯುತ್ ಕೇಂದ್ರದಲ್ಲಿ ಕಾವಲು ಕೆಲಸಕ್ಕಿದ್ದ, ತೀರಿಹೋಗಿ ಒಂಬತ್ತು ವರ್ಷವಾಯಿತು. ಅವನು ಇದ್ದಷ್ಟು ದಿನವೂ ಬೆಟ್ಟಮ್ಮ ಅವನನ್ನು ಕೆಣಕುತ್ತಿದ್ದಳಂತೆ: “ಆ ನೀರ ಬೀಳ್ಸಿ ಊರಿಗೆಲ್ಲ ದೀಪ ಅಚ್ತೀರಿ. ಒಂದು ಬಿಂದ್ಗೆ ಇತ್ಲಾಗೆ ಅತ್ಸೋಕೆ ನಿಮ್ ಕೈಲಿ ಆಗಾಕಿಲ್ಲ.” ಮಗಳು ಚಂದನ ಕೆರಗೋಡಿಗೆ ಸೊಸೆಯಾಗಿ ಹೋದ ಮೇಲೆ ಬೆಟ್ಟಮ್ಮ ಕೂಲಿ ಹೆಂಗಸರ ಗುಂಪಿಗೆ ಸೇರಿದಳು. ಹನ್ನೊಂದು ಜನ. ನಾಟಿ, ಕಳೆ, ಕುಯ್ಲು, ಯಾರು ಕರೆದರೂ ಹೋಗುವುದು.

ಎರಡು ವರ್ಷದ ಹಿಂದೆ ಕಾರ್ತೀಕದಲ್ಲಿ ಊರ ಹೊರಗಿನ ಎರಡೆಕರೆ ಕೆಂಪು ಹೊಲವನ್ನು ಬೀಜದ ಸಂಶೋಧನೆಯವರು ಗುತ್ತಿಗೆಗೆ ಹಿಡಿದರು. ಬಿತ್ತಿದ್ದು ಗೋಧಿ. ಊರೇ ನಕ್ಕಿತು. ರಾಗಿ ಮುದ್ದೆಯ ಸೀಮೆಯಲ್ಲಿ ಗೋಧಿ ಬೆಳೆದು ಯಾರಿಗೆ ಚಪಾತಿ ಮಾಡಿ ಹಾಕುತ್ತಾರೆ ಎಂದರು. ಅದನ್ನು ನೋಡಿಕೊಳ್ಳಲು ಮಂಡ್ಯದಿಂದ ಬರುತ್ತಿದ್ದ ಹುಡುಗಿ ಹರಿಪ್ರಿಯಾ, ಓದಿದವಳು, ಮೂವತ್ತರ ಒಳಗಿನವಳು, ಒಂದು ದಿನ ಕೆಲಸದ ನಡುವೆ ಹೇಳಿದಳು:

“ಗೋಧಿ ಬೆಳೆಯೋ ಸೀಮೆಗಳೇ ಬಿಸಿ ಆಗ್ತಾ ಇವೆ ಬೆಟ್ಟಮ್ಮ. ಮುಂದೆ ಅಲ್ಲಿಗೆ ಬರೋ ಬಿಸಿಲು ಈಗಲೇ ನಿಮ್ಮೂರಲ್ಲಿದೆ. ಅದಕ್ಕೇ ಇಲ್ಲಿ ಹಾಕಿರೋದು.”

“ಅಂದ್ರೆ ನಮ್ ಬಿಸ್ಲು ಅವ್ರಿಗೂ ಬತ್ತದೆ ಅನ್ನು.”

“ಬರುತ್ತೆ.”

ಅವಳು ಅದನ್ನು ಹೇಳಿದ ರೀತಿ ಬೆಟ್ಟಮ್ಮನಿಗೆ ಹಿಡಿಸಲಿಲ್ಲ. ಬಸ್ಸು ಬರುತ್ತದೆ ಎಂದು ಹೇಳುವ ಹಾಗೆ ಹೇಳಿದ್ದಳು.

ಮುನ್ನೂರು ತಳಿ, ಮುನ್ನೂರು ಸಾಲು. ಒಂದೊಂದು ತಳಿಯದ್ದೂ ಒಂದೊಂದು ಹಿಡಿ ಬೀಜ ಮಾತ್ರ ಬಂದಿದ್ದರಿಂದ ತಳಿಗೆ ಒಂದೇ ಸಾಲು. ಸಾಲಿನ ತಲೆಗೆ ಕಡ್ಡಿ, ಕಡ್ಡಿಗೆ ನಂಬರಿನ ಚೀಟಿ. ಮೊದಲ ಒಂದು ತಿಂಗಳು ನೀರು ಕೊಟ್ಟು, ಆಮೇಲೆ ನಿಲ್ಲಿಸಿಬಿಡುವುದು. ಬಾಯಾರಿದಾಗ ಯಾವುದು ತಡೆಯುತ್ತದೆ ಎಂದು ನೋಡುವುದು. ಕೊನೆಗೆ ಆರು ಸಾಲನ್ನು ಆರಿಸಿ ಬೀಜಕ್ಕೆ ಇಟ್ಟುಕೊಂಡು ಉಳಿದದ್ದನ್ನೆಲ್ಲ ದನಕ್ಕೆ ಕುಯ್ದು ಹಾಕುವುದು. ಹಾಗೆ ಕುಯ್ದ ತಳಿ ಮತ್ತೆ ಎಲ್ಲೂ ಸಿಗುವುದಿಲ್ಲ, ಬಂದ ಬೀಜವೇ ಅಷ್ಟು.

ನೀರು ನಿಲ್ಲಿಸಿದ ದಿನ ಮೇಸ್ತ್ರಿ ಚಲುವರಾಜು ಹೆಂಗಸರನ್ನೆಲ್ಲ ನಿಲ್ಲಿಸಿ ಹೇಳಿದ: “ಇವತ್ತಿಂದ ಒಂದು ತೊಟ್ಟು ನೀರು ಬೀಳಂಗಿಲ್ಲ. ಯಾರಾದ್ರೂ ಅಯ್ಯೋ ಪಾಪ ಅಂತ ಚೆಂಬು ಬಗ್ಸುದ್ರೆ ಅನ್ನೊಂದು ಜನಾನೂ ಮನೆಗೇ. ಒಬ್ಳಲ್ಲ, ಅನ್ನೊಂದು ಜನಾನೂವೆ.”

“ನೀನು ಬೆವ್ರು ಸುರಿಸ್ದೆ ಇದ್ರೆ ಸಾಕು ಬುಡು ಚಲುವಣ್ಣ, ನಾವ್ಯಾಕೆ ಬಗ್ಸಾನ,” ಎಂದಳು ನಾಗಮಣಿ. ಅವಳು ಬೆಟ್ಟಮ್ಮನ ಜೊತೆಗಾತಿ, ಬಾಯಿ ಜೋರು. ಎಲ್ಲರೂ ನಕ್ಕರು.

ಪೈರನ್ನು ಬೇಕೆಂದೇ ಬಾಯಾರಿಸುವುದು ಆ ಹೆಂಗಸರಿಗೆ ಹೊಸದು. ಪುಷ್ಯ ಹುಟ್ಟುವ ಹೊತ್ತಿಗೆ ಎಲೆಗಳು ಸುರುಳಿ ಸುತ್ತಿಕೊಂಡು ಕಡ್ಡಿಯಂತಾದವು. ಗಾಳಿ ಬೀಸಿದರೆ ಒಣ ಕಾಗದ ಉಜ್ಜಿದ ಸದ್ದು. ಮಾತಾಡಿಕೊಂಡು ಕೆಲಸ ಮಾಡುತ್ತಿದ್ದವರು ಆ ಹೊಲದಲ್ಲಿ ಮಾತ್ರ ಮೆಲ್ಲಗೆ ಮಾತಾಡುತ್ತಿದ್ದರು. ಯಾಕೆಂದು ಯಾರೂ ಕೇಳಿಕೊಳ್ಳಲಿಲ್ಲ.

ಹರಿಪ್ರಿಯಾ ದಿನಾ ಮಧ್ಯಾಹ್ನ ಒಂದು ಪಿಸ್ತೂಲಿನಂಥದ್ದನ್ನು ಸಾಲಿನ ಕಡೆ ಹಿಡಿಯುತ್ತಿದ್ದಳು. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಅಂಥದ್ದೇ. ಎಲೆಯ ಬಿಸಿ ಎಷ್ಟೆಂದು ಅದರಲ್ಲಿ ಬರುತ್ತಿತ್ತು. ತೆನೆಯ ಕೆಳಗಿನ ಕೊನೆ ಎಲೆಗೆ ಕ್ಲಿಪ್ಪು ಕಚ್ಚಿಸಿ ಹಸಿರು ಎಷ್ಟಿದೆ ಎಂದೂ ಬರೆದುಕೊಳ್ಳುತ್ತಿದ್ದಳು. ಕೊನೆ ಎಲೆ ಎಷ್ಟು ದಿನ ಹಸಿರಾಗಿ ಉಳಿಯುತ್ತದೋ ಅಷ್ಟು ದಿನ ಕಾಳಿಗೆ ಹಾಲು ಎಂದು ವಿವರಿಸಿದಳು. ಬೆಟ್ಟಮ್ಮ ಕ್ಲಿಪ್ಪಿನ ಡಬ್ಬಿ ಹಿಡಿದು ಹಿಂದೆ ನಡೆಯುತ್ತ, ಸುಮ್ಮನಿರಲಾರದೆ ಕೈ ತಾಗಿಸಿ, ಯಂತ್ರಕ್ಕೆ ಮೊದಲೇ ಹೇಳತೊಡಗಿದಳು: ಇದು ಬಿಸಿ, ಇದು ಇನ್ನೂ ಬಿಸಿ, ಇದು ಪರವಾಗಿಲ್ಲ. ಹತ್ತಕ್ಕೆ ಒಂಬತ್ತು ಸಲ ಯಂತ್ರ ಅವಳ ಮಾತನ್ನೇ ಹೇಳಿತು. ಹರಿಪ್ರಿಯಾ ಬೆರಗಾದಳು. ಅವತ್ತಿನಿಂದ ಆ ಹುಡುಗಿ ಬೆಟ್ಟಮ್ಮನ ಕೈ ಕೇಳದೆ ಪುಸ್ತಕದಲ್ಲಿ ಗೆರೆ ಎಳೆಯುತ್ತಿರಲಿಲ್ಲ.

ಮೂವತ್ತೆಂಟನೇ ಸಾಲನ್ನು ಮೊದಲು ತೋರಿಸಿದವಳು ಬೆಟ್ಟಮ್ಮನೇ.

“ಇದು ನೋಡವ್ವ, ಕೆರೆ ಏರಿ ಮೇಲೆ ನಿಂತಂಗೆ ಅದೆ.”

ಯಂತ್ರ ಹಿಡಿದರೆ ಅಕ್ಕಪಕ್ಕಕ್ಕಿಂತ ಐದು ಡಿಗ್ರಿ ಕಡಿಮೆ. ಎಲೆ ಅಗಲವಾಗಿ ಬಿಚ್ಚಿಕೊಂಡಿತ್ತು, ಹಸಿರು ಹೊಳೆಯುತ್ತಿತ್ತು. ಹರಿಪ್ರಿಯಾ ಫೋಟೋ ತೆಗೆದು ಮೇಲಿನವರಿಗೆ ಕಳಿಸಿದಳು. ಅವರು ಕಾರು ಮಾಡಿಕೊಂಡು ಬಂದು ನೋಡಿ ಹೋದರು. ಹೊಲದ ಆ ಕಡೆಗೆ ಇನ್ನೂರ ಹನ್ನೆರಡು ಎಂದು ಇನ್ನೊಂದು ಸಾಲಿತ್ತು. ಗಿಡ್ಡ, ಬೂದು ಬಣ್ಣ, ಎಲೆಯ ಮೇಲೆ ಮೇಣ ಸವರಿದ ಹಾಗೆ. ನೋಡಲು ಏನೇನೂ ಇಲ್ಲ. ಅದೂ ಬೆಟ್ಟಮ್ಮನ ಕೈಗೆ ತಣ್ಣಗೇ ಸಿಗುತ್ತಿತ್ತು, ಆದರೆ ಮೂವತ್ತೆಂಟರಷ್ಟಲ್ಲ. ಅದರ ಬೇರು ಎಲ್ಲೋ ಕೆಳಗೆ ಹೋಗಿ ಹುಡುಕಿಕೊಳ್ಳುತ್ತಿದೆ ಎಂದುಕೊಂಡಳು.

ಸಂಕ್ರಾಂತಿಗೆ ಮೂರು ದಿನ ಕೆಲಸವಿರಲಿಲ್ಲ. ಹರಿಪ್ರಿಯಾ ಮಂಡ್ಯಕ್ಕೆ ಹೋಗಿದ್ದಳು. ನಾಲ್ಕನೇ ದಿನ ಬೆಳಗ್ಗೆ ಹೆಂಗಸರು ಮೊದಲು ಬಂದರು. ಬೆಟ್ಟಮ್ಮ ಅಭ್ಯಾಸದಂತೆ ಕೈ ಆಡಿಸುತ್ತ ಹೋದಳು. ಮೂವತ್ತೆಂಟು ಕೈಗೆ ಸುಟ್ಟಿತು. ಎಲೆ ಸುರುಳಿ ಸುತ್ತಿತ್ತು, ಪಕ್ಕದ ಸಾಲುಗಳಿಗಿಂತಲೂ ಬಿಗಿಯಾಗಿ. ಅವಳು ಇನ್ನೂರ ಹನ್ನೆರಡರ ತನಕ ನಡೆದುಹೋಗಿ ಮುಟ್ಟಿದಳು. ಅದು ಮೊದಲಿದ್ದ ಹಾಗೇ ಇತ್ತು.

ಹರಿಪ್ರಿಯಾ ಮಧ್ಯಾಹ್ನದ ಊಟ ಕಳೆದು ಬಂದಾಗ ಮೂವತ್ತೆಂಟು ಬಿಚ್ಚಿಕೊಳ್ಳತೊಡಗಿತ್ತು. ಮಾರನೆಯ ದಿನಕ್ಕೆ ಮತ್ತೆ ತಣ್ಣಗೆ.

ಯಾಕೆ ಎಂದು ಬೆಟ್ಟಮ್ಮ ಆ ನಾಲ್ಕನೇ ದಿನವೇ ಊಟದ ಹೊತ್ತಿನಲ್ಲಿ ಕಣ್ಣಾರೆ ಕಂಡಳು. ಹೆಂಗಸರು ಉಣ್ಣುತ್ತಿದ್ದುದು ಹೊಲದೊಳಗೆ, ಮೂವತ್ತೆಂಟರ ಪಕ್ಕದಲ್ಲಿ ತೂಕ ಮಾಡಲು ಹಾಕಿದ್ದ ಹಸಿರು ಬಲೆಯ ಚಪ್ಪರದಡಿ. ಉಂಡಾದ ಮೇಲೆ ಡಬ್ಬಿಗೆ ನೀರು ಬಿಟ್ಟು ಗಲಬರಿಸಿದರೆ ಮುದ್ದೆಯ ಚೂರು, ಅನ್ನದ ಅಗುಳು ಬರುತ್ತದೆ. ಅದನ್ನು ತುಳಿಯುವ ಜಾಗಕ್ಕೆ ಚೆಲ್ಲುವಂತಿಲ್ಲ. ಯಾವುದಾದರೂ ಗಿಡದ ಬುಡಕ್ಕೆ ಹಾಕಬೇಕು. ಇದನ್ನು ಅವ್ವ ಹೇಳಿಕೊಟ್ಟಿರುತ್ತಾಳೆ, ಅವ್ವನಿಗೆ ಅವಳವ್ವ. ನಾಗಮಣಿ ಎದ್ದು ಡಬ್ಬಿ ತೊಳೆದು ಮೂವತ್ತೆಂಟರ ಬುಡಕ್ಕೆ ಸುರಿದಳು, ಅಲ್ಲೇ ಕೈ ತೊಳೆದಳು, ಬಾಯಿ ಮುಕ್ಕಳಿಸಿದಳು. ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಮತ್ತೊಬ್ಬಳು. ಅಲ್ಲಿ ನೆಲ ಸ್ವಲ್ಪ ತಗ್ಗು, ನೀರು ನಿಂತು ಇಂಗುತ್ತಿತ್ತು. ಒಂದು ತಿಂಗಳಿಂದ ದಿನಾ ಹನ್ನೊಂದು ಜನ. ಹನ್ನೊಂದನೆಯವಳು ಬೆಟ್ಟಮ್ಮ. ಅವಳ ಕೈಯಲ್ಲೂ ತೊಳೆದ ಡಬ್ಬಿಯಿತ್ತು.

ಚಲುವರಾಜು ನೀರು ಬಿಡಬೇಡಿ ಎಂದಿದ್ದ. ಇದನ್ನು ನೀರೆಂದು ಯಾರೂ ಎಣಿಸಿರಲಿಲ್ಲ.

“ನಾಗಿ, ಇನ್ಮೇಕೆ ಬದಿನಾಚೆ ಓಗಿ ತೊಳ್ಯಾನ ಕಣಮ್ಮಿ,” ಎಂದು ಬೆಟ್ಟಮ್ಮ ಮೆಲ್ಲಗೆ ವಿಷಯ ಬಿಡಿಸಿ ಹೇಳಿದಳು.

ನಾಗಮಣಿ ತನ್ನ ಡಬ್ಬಿಯನ್ನು ಚೀಲಕ್ಕೆ ಹಾಕಿದಳು. “ನಿಂಗೆ ತಲೆ ನೆಟ್ಗದಾ? ಕಾರ್ನಲ್ಲಿ ಬಂದು ನೋಡ್ಕೊಂಡು ಓಗವ್ರೆ. ಈಗ ನಿಲ್ಲುಸ್ಬುಟ್ರೆ ನಾಕು ದಿನ್ದಲ್ಲಿ ಒಣಗ್ತದೆ. ಯಾಕೆ ಒಣಗ್ತು ಅಂತ ಕೇಳಾಕಿಲ್ವಾ? ಚಲುವಣ್ಣ ಏನಂದಿದ್ದ, ಅನ್ನೊಂದು ಜನಾನೂವೆ.”

“ಮತ್ತೆ?”

“ಮತ್ತೇನು, ಸುಮ್ಕಿರು. ಅದು ಅಸುರಾಗಿರೋ ಗಂಟ ನಾವು ಕೆಲ್ಸುದಲ್ಲಿರ್ತೀವಿ.”

ಅಲ್ಲಿಯ ತನಕ ಅರಿಯದೆ ಮಾಡಿದ್ದು. ಅವತ್ತಿನಿಂದ ಅರಿತು ಮಾಡಿದ್ದು. ನಾಗಮಣಿ ಕುಡಿಯುವ ನೀರಿನ ಬಾಟಲಿಯನ್ನೂ ಒಂದು ಹೆಚ್ಚಿಗೆ ತರತೊಡಗಿದಳು. ಭಾನುವಾರ ರಜೆ ಬಂದರೆ ಹುಲ್ಲಿನ ನೆಪದಲ್ಲಿ ಒಬ್ಬಳು ಹೋಗಿ ಬರುತ್ತಿದ್ದಳು. ಬೆಟ್ಟಮ್ಮ ಮಾತ್ರ ತನ್ನ ಡಬ್ಬಿಯನ್ನು ತೊಳೆಯದೆ ಮನೆಗೆ ಒಯ್ಯುತ್ತಿದ್ದಳು. ಅವಳು ಮಾಡಿದ್ದು ಅಷ್ಟೇ. ಹರಿಪ್ರಿಯಾ ಕೈ ಕೇಳಿದಾಗ “ತಣ್ಗದೆ” ಎನ್ನುತ್ತಿದ್ದಳು. ಅದು ಸುಳ್ಳಲ್ಲ.

ಸುತ್ತಲಿನ ಸಾಲುಗಳು ಬಿಳಿಚಿಕೊಳ್ಳುತ್ತ ಹೋದ ಹಾಗೆ ಆ ಒಂದು ಸಾಲು ಇನ್ನಷ್ಟು ಹಸಿರಾಗಿ ಕಂಡಿತು. ದಾರಿಯಿಂದಲೇ ಕಾಣುತ್ತಿತ್ತು. ಹಾದುಹೋಗುವವರು ಬೈಕು ನಿಲ್ಲಿಸಿ ನೋಡುತ್ತಿದ್ದರು. ಬೆಟ್ಟಮ್ಮ ಆ ಕಡೆ ತಲೆ ಹಾಕದೆ ಕಳೆ ಕೀಳುತ್ತಿದ್ದಳು. ಬೆನ್ನಿಗೆ ಯಾರೋ ನಿಂತು ನೋಡುತ್ತಿರುವ ಹಾಗೆ ಅನ್ನಿಸುತ್ತಿತ್ತು ಎಂದು ಆಮೇಲೆ ಹೇಳಿದಳು.

ಮಾಘ ಕಳೆಯುವ ಹೊತ್ತಿಗೆ ಹರಿಪ್ರಿಯಾ ಪುಸ್ತಕದ ಲೆಕ್ಕ ಕೂಡಿಸಿ ಆರಿಸಿದಳು. ಒಂದು ಗುರುವಾರ ಚಪ್ಪರದಡಿ ನಿಂತು ಆರು ನಂಬರು ಓದಿದಳು. ಮೊದಲನೆಯದೇ ಮೂವತ್ತೆಂಟು. “ಶನಿವಾರ ಈ ಆರೂ ಸಾಲಿನ ತೆನೆ ಬೇರೆ ತೆಗೆದುಕೊಳ್ಳೋಣ, ಮಿಕ್ಕಿದ್ದೆಲ್ಲ ಕುಯ್ದುಬಿಡಿ,” ಎಂದು ಚಲುವರಾಜುವಿಗೆ ಹೇಳಿದಳು.

“ಅವ್ವ, ಇನ್ನೂರ್ ಅನ್ನೆರಡು?” ಎಂದಳು ಬೆಟ್ಟಮ್ಮ.

“ಅದು ಏಳನೇದು ಬೆಟ್ಟಮ್ಮ. ಸ್ವಲ್ಪದರಲ್ಲಿ ತಪ್ಪಿತು. ಕಳಿಸೋಕೆ ಇರೋದು ಆರಕ್ಕೇ ಜಾಗ.”

ಶುಕ್ರವಾರ ಇಡೀ ದಿನ ಬೆಟ್ಟಮ್ಮ ಉಣ್ಣಲಿಲ್ಲ. ಹನ್ನೊಂದು ಮನೆಯ ಒಲೆ ಒಂದು ಕಡೆ. ಇನ್ನೊಂದು ಕಡೆ ಯಾರ ಹಂಗೂ ಇಲ್ಲದೆ ನಿಂತುಕೊಂಡ ಆ ಗಿಡ್ಡ ಸಾಲು, ನಾಳೆ ದನದ ಬಾಯಿಗೆ. ಸಂಜೆ ಹರಿಪ್ರಿಯಾ ಸ್ಕೂಟರ್ ಹತ್ತುವ ಹೊತ್ತಿಗೆ ಅವಳು ಮುಂದೆ ಹೋಗಿ ನಿಂತಳು.

“ಮೂವತ್ತೆಂಟು ನಮ್ಮ ಎಂಜ್ಲು ನೀರು ಕುಡ್ದು ಬೆಳ್ದಿರೋದು ಕಣವ್ವ. ಡಬ್ಬಿ ತೊಳ್ದು ಉಯ್ದವ್ರು ನಾವೇಯ. ಮೊದ್ಲು ತಿಳೀದೆ ಉಯ್ದೊ. ಆಮೇಕೆ ತಿಳ್ದೂ ಉಯ್ದೊ.”

ಹರಿಪ್ರಿಯಾ ಹೆಲ್ಮೆಟ್ ತೆಗೆದಳು. ಬೈಯುತ್ತಾಳೆ ಎಂದು ಬೆಟ್ಟಮ್ಮ ಕಾದಳು. ಹುಡುಗಿ ಮೆಲ್ಲಗೆ ಕೇಳಿದ್ದು ಒಂದೇ: “ಇನ್ನೆಲ್ಲೆಲ್ಲಿ ಹಾಕಿದ್ದೀರಿ?”

“ಅಲ್ಲೇ. ಪಕ್ಕದ ಮೂವತ್ತೇಳಕ್ಕೆ ಒಂಚೂರು ನೀರು ಅರ್ದಿರ್ಬೌದು.”

“ಚಪ್ಪರ ಹಾಕೋಕೆ ಮುಂಚೆ ಎಲ್ಲಿ ಊಟ ಮಾಡ್ತಿದ್ರಿ?”

ಬೆಟ್ಟಮ್ಮ ನೆನೆಸಿಕೊಂಡು ಹೇಳಿದಳು. ನೀರು ನಿಲ್ಲಿಸಿದ ಮೊದಲ ವಾರ ನೆರಳು ಸಿಕ್ಕಿದ ಕಡೆ ಕೂತಿದ್ದರು. ಒಂದು ದಿನ ಬೇಲಿಯ ಹತ್ತಿರ, ಒಂದು ದಿನ ಗಾಡಿಯ ಮಗ್ಗುಲಲ್ಲಿ, ಕೂತ ಕಡೆಯೇ ಡಬ್ಬಿ ತೊಳೆದಿದ್ದರು. ಹರಿಪ್ರಿಯಾ ಹೊಲದ ಕಡೆ ತಿರುಗಿ ನೋಡಿದಳು. ಒಂದು ಸಾಲಿನ ಮಾತಾಗಿದ್ದರೆ ಆಗುತ್ತಿತ್ತು. ಈಗ ಯಾವ ಸಾಲನ್ನು ನಂಬುವುದು? ಇದನ್ನು ಇದ್ದ ಹಾಗೇ ಬರೆದರೆ ಇಡೀ ಹೊಲ ಸುಳ್ಳಾಗುತ್ತದೆ, ಅವಳ ಒಂದು ವರ್ಷ ಸುಳ್ಳಾಗುತ್ತದೆ, ಹನ್ನೊಂದು ಹೆಂಗಸರೂ ಮನೆಗೆ, ಅವಳೂ ಮನೆಗೆ. ಅದು ಅವಳ ಮುಖದಲ್ಲಿ ಹಾದುಹೋದದ್ದನ್ನು ಬೆಟ್ಟಮ್ಮ ಕಂಡಳು.

“ಬೇರೆ ಯಾರಿಗೂ ಹೇಳಬೇಡಿ,” ಎಂದಳು ಹರಿಪ್ರಿಯಾ. “ಮೂವತ್ತೆಂಟರ ಬಗ್ಗೆ ನನಗೆ ಅನುಮಾನ ಇದೆ ಅಂತ ಮಾತ್ರ ಮೇಲೆ ಬರೀತೀನಿ. ಇನ್ನೂರ ಹನ್ನೆರಡು ಉಳಿಸೋಣ.”

ಅವಳು ಆ ರಾತ್ರಿಯೇ ಬರೆದಳು. ಬೆಳಗ್ಗೆ ಬಂದ ಉತ್ತರ ಒಂದೇ ಸಾಲಿನದು: ಅರವತ್ತು ದಿನದ ಅಳತೆ ಇದೆ, ಫೋಟೋ ಇದೆ, ಅನುಮಾನಕ್ಕೆ ಕಾರಣ ಏನು? ಆ ಕಾರಣವನ್ನು ಹರಿಪ್ರಿಯಾ ಬರೆಯಲಿಲ್ಲ.

ಶನಿವಾರ ಕುಡುಗೋಲು ಬಿದ್ದವು. ಚಲುವರಾಜು ಇನ್ನೂರ ಹನ್ನೆರಡರ ಹತ್ತಿರ ಬಂದು, “ಇದೊಂದು ಯಾಕ್ ಮೇಡಮ್ಮು? ಇನ್ನೂ ಹಾಲ್ಗಾಳು. ಅತ್ತು ದಿನ ಬೇಕು ಬಲಿಯೋಕೆ,” ಎಂದ.

“ಇರಲಿ, ನಿಲ್ಲಿಸಿ.”

ನಾಗಮಣಿ ಕುಡುಗೋಲು ಹಿಡಿದು ಎದ್ದು ನಿಂತಳು. ಇನ್ನೂರ ಹನ್ನೆರಡನ್ನು ಯಾರು ಉಳಿಸಿದರು, ಯಾಕೆ ಉಳಿಯಿತು ಎಂದು ಅವಳಿಗೆ ಆ ಗಳಿಗೆಯಲ್ಲೇ ತಿಳಿದುಹೋಯಿತು. “ಅವ್ಳಿಗೆ ಏಳ್ಬುಟ್ಯಾ?” ಎಂದಳು. ಬೆಟ್ಟಮ್ಮ ಹೌದೆಂದು ತಲೆಯಾಡಿಸಿದಳು. ಅಷ್ಟು ವರ್ಷ ಜೊತೆಗೆ ನಾಟಿ ನೆಟ್ಟವಳು ಅಂದಿನಿಂದ ಅವಳ ಜೊತೆ ಮಾತಾಡಿಲ್ಲ.

ಸಂಜೆಗೆ ಎರಡೆಕರೆ ಬೋಳಾಯಿತು. ಮೂವತ್ತೆಂಟರ ತೆನೆ ಬಡಿದು ಚೀಲಕ್ಕೆ ತುಂಬಿದರು, ಅದರ ಕಾಳು ದಪ್ಪ, ನೋಡಲು ಚೆಂದ. ಚಪ್ಪರವನ್ನೂ ಬಲೆಯನ್ನೂ ಬಿಚ್ಚಿ ಚಲುವರಾಜು ಗಾಡಿಗೆ ಹಾಕಿಸಿದ. ಹೊಲದ ಆ ಕಡೆಗೆ ಆ ಒಂದು ಗಿಡ್ಡ ಸಾಲು ಮಾತ್ರ ನಿಂತಿತ್ತು.

ಹಾಗೆ ಒಂಟಿಯಾಗಿ ನಿಲ್ಲಿಸಿದರೆ ಏನಾಗುತ್ತದೆ ಎಂದು ಓದಿದ ಹುಡುಗಿಗೆ ಹೊಳೆದಿರಲಿಲ್ಲ. ಬೆಟ್ಟಮ್ಮನಿಗೆ ಹೊಳೆಯಬೇಕಿತ್ತು. ಮುನ್ನೂರು ಸಾಲಿದ್ದಾಗ ಹಂಚಿಕೊಂಡು ತಿನ್ನುತ್ತಿದ್ದ ಗಿಳಿ, ಗುಬ್ಬಿ, ನವಿಲು ಎಲ್ಲ ಭಾನುವಾರ ಬೆಳಗ್ಗೆ ಆ ಒಂದರ ಮೇಲೆ ಬಂದವು. ಅವಳು ತಗಡು ಹಿಡಿದು ಓಡಿ ಹೋಗುವಷ್ಟರಲ್ಲಿ ಒಂದು ತುದಿ ಮುರಿದಿತ್ತು. ಉಳಿದ ತೆನೆ ಎಣಿಸಿದಳು: ಎಂಬತ್ತೊಂದು.

ಅವತ್ತಿನಿಂದ ಅವಳು ಬೆಳಕು ಹರಿಯುವುದಕ್ಕೆ ಮೊದಲು ಹೋಗಿ ಕತ್ತಲಾಗುವ ತನಕ ಅಲ್ಲೇ ಕೂತಳು. ಎರಡು ಹಳೆ ಸೀರೆ ಕಟ್ಟಿ ಮರೆ ಮಾಡಿದಳು. ನವಿಲು ಸೀರೆಯ ಅಡಿಗೆ ನುಗ್ಗಿದವು. ಗಿಳಿ ಬಂದರೆ ಒಂದೆರಡಲ್ಲ, ಹಿಂಡು. ಒಂದು ಕಡೆ ಅಟ್ಟಿದರೆ ಇನ್ನೊಂದು ಕಡೆಯಿಂದ ಇಳಿಯುತ್ತಿದ್ದವು. ನೆರಳಿಲ್ಲ. ಬಾಟಲಿಯ ನೀರು ಕುಡಿಯುವಾಗ ಒಂದು ಹನಿ ಕೆಳಗೆ ಬೀಳದಂತೆ ಸಾಲಿಗೆ ಬೆನ್ನು ಮಾಡಿ ಕುಡಿಯುತ್ತಿದ್ದಳು. ಬುಧವಾರಕ್ಕೆ ಐವತ್ತಾರು. ಶುಕ್ರವಾರಕ್ಕೆ ಮೂವತ್ತೇಳು. ಆ ದಾರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಗುಂಪಿನ ಹೆಂಗಸರು ಅವಳನ್ನು ನೋಡಿ ತಲೆ ತಗ್ಗಿಸಿ ಹೋದರು. ಒಬ್ಬಳು ಮಾತ್ರ ನಿಂತು, “ಗೋದಿಗೆ ಬಾಣಂತನ ಮಾಡ್ತಿದ್ದಿಯಾ ಬೆಟ್ಟಕ್ಕ?” ಎಂದಳು. ನಗುವಂತೆ ಹೇಳಿದಳು, ಆದರೆ ನಗಲಿಲ್ಲ.

ಹತ್ತನೆಯ ದಿನ ಕಾಳು ಬಲಿತಿತ್ತು. ಹರಿಪ್ರಿಯಾ ಬಂದು ತಾನೇ ಕತ್ತರಿಯಿಂದ ತೆನೆ ಕತ್ತರಿಸಿದಳು. ಹತ್ತೊಂಬತ್ತು. ಉಜ್ಜಿ ಊದಿ ಒಂದು ಕಾಗದದ ಕವರಿಗೆ ಹಾಕಿ, ಮೇಲೆ ನಂಬರು ಬರೆದು ಬ್ಯಾಗಿನ ಒಳಜೇಬಿಗೆ ಇಟ್ಟುಕೊಂಡಳು. ಅದು ಯಾವ ಪಟ್ಟಿಯಲ್ಲೂ ಇಲ್ಲ, ತನ್ನ ಹತ್ತಿರವೇ ಇಟ್ಟುಕೊಂಡು ಮುಂದಿನ ವರ್ಷ ಎಲ್ಲಾದರೂ ಒಂದು ಮೂಲೆಯಲ್ಲಿ ಹಾಕಿ ನೋಡುತ್ತೇನೆ ಎಂದಳು.

“ಮೂವತ್ತೆಂಟು?” ಎಂದಳು ಬೆಟ್ಟಮ್ಮ.

“ಅದು ಆವತ್ತೇ ಹೋಯಿತು.”

“ಬಿತ್ತುದ್ರೆ ಒಣಗ್ತದಲ್ಲ. ಆಗ ಅವ್ರಿಗೇ ತಿಳೀತದೆ ಬುಡು.”

“ಮುಂದಿನ ವರ್ಷ ತಿಳಿಯಲ್ಲ ಬೆಟ್ಟಮ್ಮ. ಮುಂದಿನ ವರ್ಷ ಬೀಜ ಹೆಚ್ಚು ಮಾಡೋಕೆ ನೀರಲ್ಲಿ ಬೆಳೀತಾರೆ. ನೀರು ಕೊಟ್ಟರೆ ಅದು ಚೆನ್ನಾಗೇ ಬರುತ್ತೆ. ಎಲ್ಲರಿಗಿಂತ ಚೆನ್ನಾಗಿ ಬರುತ್ತೆ. ಇನ್ನೂ ಹೆಚ್ಚು ನಂಬ್ತಾರೆ.” ಹರಿಪ್ರಿಯಾ ಬ್ಯಾಗಿನ ಜಿಪ್ಪು ಎಳೆದಳು. “ಅದರ ಮುಂದಿನ ವರ್ಷ ರೈತರಿಗೆ ಕೊಡ್ತಾರೆ. ಈಗಲೇ ಕೇಳ್ತಾ ಇದ್ದಾರಂತೆ.”

“ಯಾವ ಸೀಮೆಯೋರು?”

“ಬೋರಿಲ್ಲ, ನಾಲೆ ಇಲ್ಲ, ಮಳೆ ಬಂದರೆ ಉಂಟು ಅನ್ನೋ ಕಡೆಯವರು. ಅವರಿಗೆ ಅಂತಲೇ ಆರಿಸಿದ್ದಲ್ಲವಾ.”

ಬೆಟ್ಟಮ್ಮ ತನಗೆ ಗೊತ್ತಿಲ್ಲದ ಆ ಹೊಲಗಳನ್ನು ನೆನೆದಳು. ಯಾರೋ ಒಬ್ಬ ಹೆಣ್ಣುಮಗಳು ಸೆರಗಿನಿಂದ ಆ ಕಾಳು ತೆಗೆದು ಕೂರಿಗೆಗೆ ಹಾಕುತ್ತಾಳೆ. ಇದು ಬಿಸಿಲಿಗೆ ತಡೆಯುತ್ತದೆ ಎಂದು ಅವಳಿಗೆ ಯಾರೋ ಹೇಳಿರುತ್ತಾರೆ.

“ಇನ್ನೊಂದ್ಸಲ ಬರೀರವ್ವ,” ಎಂದಳು. “ನನ್ನೆಸ್ರು ಆಕ್ಬುಡಿ. ಬೆಟ್ಟಮ್ಮ ಉಯ್ದಳು ಅಂತ್ಲೇ ಬರೀರಿ. ನಂಗೆಂತದು, ನಂಗೆ ಬೇರೆ ಕೆಲ್ಸ ಸಿಕ್ತದೆ.”

ಹರಿಪ್ರಿಯಾ ಹೂಂ ಎಂದಳು. ಸ್ಕೂಟರ್ ಹತ್ತಿದಳು. ಬೆಟ್ಟಮ್ಮ ಇಂಥ ಹೂಂಗಳನ್ನು ಬಹಳ ಕಾಲದಿಂದ ಕೇಳಿಕೊಂಡು ಬಂದವಳು, ಯಾವ ಹೂಂ ಎಂಥದ್ದೆಂದು ಅವಳಿಗೆ ತಿಳಿಯುತ್ತದೆ. ಸ್ಕೂಟರ್ ಮಳವಳ್ಳಿ ರಸ್ತೆಗೆ ಏರುವ ತನಕ ನೋಡುತ್ತ ನಿಂತಳು. ಆಮೇಲೆ ಕಟ್ಟಿದ್ದ ಎರಡು ಸೀರೆಯನ್ನು ಬಿಚ್ಚಿ ಮಡಿಸಿಕೊಂಡು, ಬೋಳು ಹೊಲದ ನಡುವೆ ಹಾದು ಮನೆಗೆ ಹೋದಳು.

ಮೂವತ್ತೆಂಟರ ಬೀಜ ನೀರಲ್ಲಿ ಬೆಳೆದ ವರ್ಷ ಇದು. ಚೆನ್ನಾಗಿ ಬಂದಿದೆ ಎಂದು ಸುದ್ದಿ.